ಕತ್ತಿಯ ಬುಡದಲ್ಲಿದ್ದ ಹೆಸರು

ಅಕ್ಕನ ಫೋನು ಬಂದಾಗ ನಾನು ನಾರಾಯಣಪೇಟೆಯ ಬಸ್ ಸ್ಟ್ಯಾಂಡಿನಲ್ಲಿ ಸುಮ್ಮನೆ ನಿಂತಿದ್ದೆ. ಎಲ್ಲಿಗೂ ಹೋಗುವುದಿರಲಿಲ್ಲ. ನೋಂದಣಿ ಕಚೇರಿಯಿಂದ ನಿವೃತ್ತನಾಗಿ ಎಂಟು ತಿಂಗಳಾಗಿತ್ತು. ಬೆಳಿಗ್ಗೆ ಹತ್ತಾಯಿತೆಂದರೆ ಕಾಲು ತಾನಾಗಿಯೇ ಮನೆಯಿಂದ ಹೊರಗೆ ಬೀಳುತ್ತಿತ್ತು. ಕಚೇರಿಯ ಕಡೆ ಹೋಗಲು ನಾಚಿಕೆ, ಮನೆಯಲ್ಲಿ ಕೂರಲು ಆಗದು. ಹಾಗಾಗಿ ಬಸ್ ಸ್ಟ್ಯಾಂಡು. ಒಂದು ಚಹಾ ಕುಡಿದು, ಬಂದ ಬಸ್ಸುಗಳ ಬೋರ್ಡು ಓದಿ, ಇನ್ನೊಂದು ಚಹಾ ಕುಡಿದು ವಾಪಸಾಗುತ್ತಿದ್ದೆ. "ಕಾಲಿಗೆ ಗಾಲಿ ಕಟ್ಕೊಂಡು ಹುಟ್ಟೀರಿ ನೀವು" ಎಂದು ಬೈಯುತ್ತಿದ್ದ ಹೆಂಡತಿ ಈಗ ಬೈಯುವುದನ್ನೂ ಬಿಟ್ಟಿದ್ದಳು.

"ತಮ್ಮಾ, ಗದ್ವಾಲದಿಂದ ನನ್ನ ಮೈದುನ ಬಂದಾನ. ಕತ್ತಿ ಒಯ್ತೀನಿ ಅಂತಾನ," ಅಂದಳು ಅಕ್ಕ.

"ಯಾವ ಕತ್ತಿ?"

"ಯಾವುದಂದ್ರ? ನಮ್ಮ ಮಾವನವರದು. ಜಪಾನಿ ಕತ್ತಿ. ನೀ ಬಾ."

ಎದುರಿಗೇ ಮಕ್ತಲ್ ಬಸ್ಸು ನಿಂತಿತ್ತು. ಹತ್ತಿದೆ. ಉಟ್ಕೂರ್‌ವರೆಗೆ ಕಿಟಕಿಯ ಪಕ್ಕ ಕೂತೆ, ಆಮೇಲೆ ಸೀಟಿದ್ದರೂ ಎದ್ದು ಬಾಗಿಲ ಹತ್ತಿರ ನಿಂತುಕೊಂಡೆ.

ಆ ಕತ್ತಿ ನನಗೆ ಹೊಸದಲ್ಲ. ಅಕ್ಕನ ಮದುವೆಯಾದಾಗ ನನಗೆ ಐದೋ ಆರೋ ವರ್ಷ. ಮಹಾನವಮಿಗೆ ಅವಳ ಮನೆಗೆ ಹೋದರೆ ದೇವರ ಮುಂದೆ ಕುಡುಗೋಲು, ಕೊಡಲಿ, ಈಳಿಗೆಯ ಜೊತೆ ಅದನ್ನೂ ಇಟ್ಟಿರುತ್ತಿದ್ದರು. ಅಲಗಿನ ತುಂಬ ಕುಂಕುಮ, ಹಿಡಿಗೆ ಗಂಧ. ಅಕ್ಕನ ಮಾವ ಹರೆಯದಲ್ಲಿ ಬರ್ಮಾದ ಯುದ್ಧಕ್ಕೆ ಹೋಗಿ ಬಂದವರು. ಅಲ್ಲಿ ಒಬ್ಬ ಜಪಾನಿ ಅಧಿಕಾರಿಯನ್ನು ಎದುರು ನಿಂತು ಕಡಿದು, ಅವನ ಕತ್ತಿಯನ್ನೇ ಕಿತ್ತುಕೊಂಡು ತಂದರೆಂದು ಮಕ್ತಲಿನಲ್ಲಿ ಎಲ್ಲರೂ ಹೇಳುತ್ತಿದ್ದರು. ಅವರು ಮಾತ್ರ ಏನೂ ಹೇಳುತ್ತಿರಲಿಲ್ಲ. ಹೊಲ, ಎತ್ತು, ಮನೆ, ಅಷ್ಟೇ ಅವರ ಲೋಕ. ಅವರು ತೀರಿಕೊಂಡು ಮೂವತ್ತು ವರ್ಷದ ಮೇಲಾಯಿತು. ಆಮೇಲೆ ನನ್ನ ಭಾವನೂ ಹೋದರು. ಅಕ್ಕ ಮಗ ಸೊಸೆಯ ಜೊತೆ ಅದೇ ಮನೆಯಲ್ಲಿದ್ದಳು. ಕತ್ತಿ ಅವಳ ಟ್ರಂಕಿನಲ್ಲಿತ್ತು.

ಮೈದುನ ಪಡಸಾಲೆಯಲ್ಲಿ ಕಾಲು ಚಾಚಿ ಕೂತಿದ್ದರು. ನನಗಿಂತ ಹತ್ತು ವರ್ಷ ಹಿರಿಯರು, ಗದ್ವಾಲದಲ್ಲಿ ಸೀರೆ ವ್ಯಾಪಾರ. ಮಗ್ಗದ ಸೀರೆಯೋ ಯಂತ್ರದ್ದೋ ಎಂಬುದನ್ನು ಅಂಚಿನ ಹಿಂಬದಿಗೆ ಬೆರಳಾಡಿಸಿ ಹೇಳಬಲ್ಲ ಮನುಷ್ಯ.

"ಬರ್ರಿ ಬೀಗರ," ಅಂದರು. "ಶ್ರಾವಣದಾಗ ಗೃಹಪ್ರವೇಶ ಇಟ್ಕೊಂಡೀನಿ. ಹೊಸ ಮನ್ಯಾಗ ಗಾಜಿನ ಪೆಟ್ಟಿಗಿ ಮಾಡಿಸೀನಿ. ಅಪ್ಪನ ಕತ್ತಿ ಅದರಾಗ ಇಡಬೇಕು. ನಾಕು ಮಂದಿ ನೋಡ್ಲಿ."

"ಒಯ್ಯಿ, ನಾ ಬ್ಯಾಡ ಅನ್ನಂಗಿಲ್ಲ," ಅಂದಳು ಅಕ್ಕ. "ಆದ್ರ ಒಯ್ಯಾಕ ಮೊದಲು ಅದರಾಗಿನ ಹೆಸರು ಓದಿಸು."

"ಯಾವ ಹೆಸರು?" ನಾವಿಬ್ಬರೂ ಒಟ್ಟಿಗೇ ಕೇಳಿದೆವು.

ಅಕ್ಕ ಹೇಳಿದಳು. ಅವಳು ಈ ಮನೆಗೆ ಬಂದ ಕೆಲವು ವರ್ಷಕ್ಕೆ ಒಮ್ಮೆ ಕತ್ತಿಯ ಹಿಡಿ ಸಡಿಲವಾಗಿತ್ತಂತೆ. ಮಾವ ಹಿಡಿಯ ಬಿದಿರಿನ ಬೆಣೆ ತೆಗೆದು, ಹಿಡಿಯನ್ನು ಪೂರಾ ಕಳಚಿ, ಒಳಗಿದ್ದ ಕಬ್ಬಿಣದ ಬುಡವನ್ನು ಬಿಸಿಲಿಗೆ ಹಿಡಿದು ನೋಡುತ್ತಿದ್ದರು. ಅಕ್ಕ ಚಹಾ ಕೊಡಲು ಹೋದವಳು ಕಂಡಳು. ಕಪ್ಪು ಕಬ್ಬಿಣದ ಮೇಲೆ ಹಕ್ಕಿ ಕಾಲಿನ ಗುರುತಿನಂಥ ಅಕ್ಷರಗಳು. ಏನು ಮಾವ ಅದು ಎಂದು ಕೇಳಿದ್ದಕ್ಕೆ "ಹೆಸರು" ಅಂದು, ಮತ್ತೆ ಹಿಡಿ ಕೂರಿಸಿ ಬೆಣೆ ಹೊಡೆದರಂತೆ. ಬೆಣೆ ಬಡಿದ ರಭಸಕ್ಕೆ ಆಮೇಲೆ ಅದು ಸಡಿಲವಾಗಲೇ ಇಲ್ಲ.

ಮೈದುನ ನನ್ನ ಕಡೆ ಬಾಗಿದರು. "ಖರೇ ಹೇಳ್ತೀನಿ ಬೀಗರ. ಒಂದು ಮದುವ್ಯಾಗ ಈ ಕತ್ತಿ ಮಾತು ತೆಗದ್ನಿ. ಒಬ್ಬಾಂವ ನಕ್ಕುಬಿಟ್ಟ. ಇಂಥವು ಬಜಾರದಾಗ ಸಿಗ್ತಾವ, ಸಿನಿಮಾದವರು ತಗೋತಾರ ಅಂದ. ಅವತ್ತಿಂದ ನನಗ ಅನ್ನ ಇಳಿವಲ್ದು. ನೀವು ಜಿಂದಗಿ ತುಂಬ ದಸ್ಕತ್ ನೋಡಿದವರು. ಅಸಲೋ ನಕಲೋ ಇದನ್ನೂ ನೋಡಿಬಿಡ್ರಿ."

ದಸ್ಕತ್ತು ನೋಡಿದ್ದು ನಿಜ. ಕಚೇರಿಯಲ್ಲಿ ನಿಜಾಮರ ಕಾಲದ ಉರ್ದು ದಸ್ತಾವೇಜುಗಳು ಬಂದರೆ ನನ್ನ ಮೇಜಿಗೇ ಬರುತ್ತಿದ್ದವು. ಅಸಲಿ ರುಜುವನ್ನು ಬರೆದವನು ಯೋಚಿಸದೆ ಬರೆದಿರುತ್ತಾನೆ, ಅದು ಓಡುತ್ತದೆ. ನಕಲು ಮಾಡುವವನು ಚಿತ್ರ ಬಿಡಿಸುತ್ತಾನೆ, ತಿರುವಿನಲ್ಲಿ ನಿಂತು ನಿಂತು ಹೋಗುತ್ತಾನೆ. ನಿಂತಲ್ಲಿ ಶಾಯಿ ಹನಿಗಟ್ಟುತ್ತದೆ. ಅದು ಕಾಗದದ ಮಾತು. ಕಬ್ಬಿಣ ನನಗೆ ಗೊತ್ತಿರಲಿಲ್ಲ, ಜಪಾನಿ ಅಕ್ಷರವಂತೂ ಗೊತ್ತೇ ಇರಲಿಲ್ಲ. ಆದರೂ ಕೂತಲ್ಲಿಯೇ ಮೈಯೆಲ್ಲ ಎಚ್ಚರವಾಯಿತು. ಎಂಟು ತಿಂಗಳಲ್ಲಿ ಮೊದಲ ಬಾರಿಗೆ ಯಾರೋ ನನಗೊಂದು ಕೆಲಸ ಕೊಟ್ಟಿದ್ದರು.

ಮೈದುನ ನಾಲ್ಕು ದಿನದ ಗಡುವು ಕೊಟ್ಟು ಹೋದರು. ನಾನು ಮಕ್ತಲಿನಲ್ಲಿಯೇ ಉಳಿದೆ.

ಗೊತ್ತಿದ್ದ ವಕೀಲರೊಬ್ಬರಿಂದ ಪುಣೆಯ ಒಬ್ಬ ಹಿರಿಯರ ನಂಬರು ಸಿಕ್ಕಿತು. ಮಿಲಿಟರಿಯಲ್ಲಿ ಡಾಕ್ಟರಾಗಿದ್ದವರು, ಮೂಲ ಕಲಬುರ್ಗಿ ಕಡೆಯವರು. ಜಪಾನಿ ಕತ್ತಿಗಳನ್ನೇ ನಲವತ್ತು ವರ್ಷದಿಂದ ಓದಿಕೊಂಡವರು ಎಂದು ವಕೀಲರು ಹೇಳಿದ್ದರು. ಫೋನಿನಲ್ಲಿ ನನ್ನ ಮಾತು ಕೇಳಿ ಅವರು ಮೊದಲು ಕೇಳಿದ್ದು ಕತ್ತಿಯ ಬಗ್ಗೆ ಅಲ್ಲ.

"ನೀವು ಕೂತು ಮಾತಾಡಾಕತ್ತೀರೋ, ತಿರುಗ್ಯಾಡಿಕೋತ ಮಾತಾಡಾಕತ್ತೀರೋ?"

ನಾನು ಅಂಗಳದಲ್ಲಿ ಮೂರನೆಯ ಸುತ್ತು ಹಾಕುತ್ತಿದ್ದೆ. "ತಿರುಗ್ಯಾಡಿಕೋತರಿ," ಅಂದೆ.

"ಕೂಡ್ರಿ ಮೊದಲು. ಇದು ನಿಂತು ಮಾಡೋ ಕೆಲಸ ಅಲ್ಲ."

ಕಟ್ಟೆಯ ಮೇಲೆ ಕೂತು ಡೈರಿಯಲ್ಲಿ ಬರೆದುಕೊಂಡೆ. ಅಲಗಿಗೆ ಬರಿ ಬೆರಳು ತಾಗಿಸಬಾರದು, ಬೆವರು ಕೂಡ ಉಕ್ಕನ್ನು ತಿನ್ನುತ್ತದೆ. ಕುಂಕುಮವನ್ನು ಮೆತ್ತನೆಯ ಬಟ್ಟೆಯಿಂದ ಸುಮ್ಮನೆ ಒತ್ತಿ ತೆಗೆಯಬೇಕು, ತಿಕ್ಕಬಾರದು. ಹಿಡಿ ಯಾತರದ್ದೆಂದು ನೋಡಬೇಕು. ಯುದ್ಧಕಾಲದಲ್ಲಿ ಸಾಮಾನ್ಯ ಸಿಪಾಯಿಗಳಿಗೆಂದು ಕಾರ್ಖಾನೆಯಲ್ಲಿ ಮಾಡಿದ ಕತ್ತಿಗಳಿಗೆ ಲೋಹದ ಹಿಡಿ ಎರಕ ಹೊಯ್ದು, ಬಟ್ಟೆ ಸುತ್ತಿದಂತೆ ಕಾಣಲು ಬಣ್ಣ ಬಳಿಯುತ್ತಿದ್ದರು. ಅಲಗಿನ ಮೇಲೆ ನಂಬರೂ ಹೊಡೆದಿರುತ್ತದೆ. ನಮ್ಮದರಲ್ಲಿ ನಂಬರಿರಲಿಲ್ಲ. ಹಿಡಿಗೆ ನಿಜವಾದ ಪಟ್ಟಿ ಸುತ್ತಿತ್ತು, ಅದರ ಕೆಳಗೆ ಹರಳು ಹರಳಾದ ಮೀನಿನ ಚರ್ಮ. ಬಿಸಿಲಿಗೆ ಓರೆಯಾಗಿ ಹಿಡಿದಾಗ ಅಲಗಿನ ಅಂಚಿಗುಂಟ ಮಂಜಿನಂಥ ಬಿಳಿ ಗೆರೆಯೊಂದು ಏರಿಳಿಯುತ್ತ ಹೋಗಿತ್ತು. ಇಷ್ಟು ವರ್ಷ ಕುಂಕುಮದ ಅಡಿಯಲ್ಲಿ ಅದು ಯಾರಿಗೂ ಕಂಡಿರಲಿಲ್ಲ. ಅಕ್ಕನನ್ನು ಕರೆದು ತೋರಿಸಿದೆ. ಅವಳು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು.

ನಾನು ಕಳಿಸಿದ ಫೋಟೋ ನೋಡಿ ಪುಣೆಯವರ ದನಿ ಬದಲಾಯಿತು. "ಆ ಗೆರಿ ಆ್ಯಸಿಡ್ ಹಾಕಿ ಮಾಡಿದ್ದಲ್ಲ, ಬೆಂಕಿಯಾಗ ಹುಟ್ಟಿದ್ದು. ಬಜಾರಿನ ಮಾಲಲ್ಲ ಇದು. ಆದ್ರ ಒರಿ, ಹಿಡಿ ನೋಡಿ ಏನೂ ಹೇಳಾಕ ಬರಂಗಿಲ್ಲ. ಅಧಿಕಾರಿಗಳು ಅಜ್ಜನ ಕಾಲದ ಅಲಗಿಗೆ ಮಿಲಿಟರಿ ಹಿಡಿ ಹಾಕಿಸಿಕೊಂಡು ಹೋಗ್ತಿದ್ರು. ಬುಡ ನೋಡಬೇಕು. ಬೆಣಿ ಮೆಲ್ಲಕ ತೆಗೀರಿ. ಮತ್ತ ಒಂದು ಮಾತು ಬರಕೊಳ್ರಿ. ಬುಡದ ಜಂಗು ಮುಟ್ಟಬ್ಯಾಡ್ರಿ. ಎಷ್ಟೇ ಹೊಲಸು ಕಾಣಲಿ. ಅಲಗನ್ನ ಜನ ತಿಕ್ಕತಾರ, ಸಾಣಿ ಹಿಡೀತಾರ. ಬುಡ ಒಂದನ್ನ ಯಾರೂ ಮುಟ್ಟಂಗಿಲ್ಲ. ಆ ಜಂಗೇ ಅದರ ವಯಸ್ಸಿನ ಸಾಕ್ಷಿ."

ಬರೆದುಕೊಂಡೆ. ಬುಡದ ತುಕ್ಕು ಮುಟ್ಟಬಾರದು ಎಂಬ ಸಾಲಿಗೆ ಅಡಿಗೆರೆಯನ್ನೂ ಎಳೆದೆ. ಆ ಪುಟ ಈಗಲೂ ನನ್ನ ಹತ್ತಿರ ಇದೆ.

ಬೆಣೆ ಮಾತ್ರ ಕದಲಲಿಲ್ಲ. ಬಿದಿರುಕಡ್ಡಿ ಇಟ್ಟು ಸಣ್ಣ ಸುತ್ತಿಗೆಯಿಂದ ತಟ್ಟಿದೆವು. ಒಂದು ಹನಿ ಎಣ್ಣೆ ಬಿಟ್ಟು ಕಾದೆವು. ಮತ್ತೆ ತಟ್ಟಿದೆವು. ನಾಲ್ಕನೆಯ ದಿನ ಮೈದುನ ಕಾರು ತೆಗೆದುಕೊಂಡು ಬಂದೇ ಬಿಟ್ಟರು. ಅಲಗು ಖರೇದು ಎಂದು ಕೇಳಿ ಅವರ ಮುಖ ಅರಳಿತು. "ಬೆಣಿ ಅಷ್ಟೇ ಹೌದಿಲ್ಲೋ? ನಮ್ಮಲ್ಲಿ ಮಗ್ಗ ರಿಪೇರಿ ಮಾಡೋ ಬಡಗ್ಯಾ ಅದಾನ. ಒಂದು ನಿಮಿಷದಾಗ ತೆಗೀತಾನ. ಹೆಸರು ಓದಿಸಿಯೇ ಪೆಟ್ಟಿಗ್ಯಾಗ ಇಡ್ತೀನಿ, ಅತ್ತಿಗಿ, ಆಣಿ ಮಾಡಿ ಹೇಳ್ತೀನಿ," ಅಂದರು. ಅಕ್ಕ ಕತ್ತಿಗೆ ಹಳೆಯ ರೇಷ್ಮೆ ಸೀರೆ ಸುತ್ತಿ, ಎರಡೂ ಕೈಯಿಂದ ಎತ್ತಿ ಕೊಟ್ಟಳು.

ನಾನು ನಾರಾಯಣಪೇಟೆಗೆ ವಾಪಸಾದೆ. ಅಲ್ಲಿಂದ ಶುರುವಾಯಿತು ನನ್ನ ಕಾಟ. ಬೆಳಿಗ್ಗೆ ಒಂದು ಫೋನು, ಮಧ್ಯಾಹ್ನ ಒಂದು, ಸಂಜೆ ಒಂದು. ಬಡಗಿ ಬಂದನೇ? ಬೆಣೆ ಬಂತೇ? ಮೈದುನರಿಗೆ ಗೃಹಪ್ರವೇಶದ ಗಡಿಬಿಡಿ. ನನಗೆ ಚಹಾ ರುಚಿಸದು, ಊಟದ ತಟ್ಟೆಯ ಮುಂದೆ ಕೂತರೆ ಆ ಹಕ್ಕಿ ಕಾಲುಗಳೇ ಕಣ್ಣ ಮುಂದೆ. ಎರಡು ಸಲ ಬಸ್ ಸ್ಟ್ಯಾಂಡಿಗೆ ಹೋಗಿ ಗದ್ವಾಲದ ದಾರಿ ಹಿಡಿಯಬೇಕೆಂದು ನಿಂತು ವಾಪಸು ಬಂದೆ. ಬಸ್ ಸ್ಟ್ಯಾಂಡಿನ ಚಹಾದವನು "ಏಮೈಂದಿ ಸಾರ್?" ಎಂದು ತೆಲುಗಿನಲ್ಲಿ ಕೇಳಿದ. ಏನಾಗಿದೆ ಎಂದು ಹೇಳಲಿ? ಒಂದು ಹೆಸರಿಗಾಗಿ ಕಾಯುತ್ತಿದ್ದೇನೆ ಎಂದರೆ ಅವನಿಗೆ ಏನು ಅರ್ಥವಾದೀತು.

ಮೂರನೆಯ ದಿನ ಮಧ್ಯಾಹ್ನ ಫೋಟೋ ಬಂತು. ಕತ್ತಲೆ ಮೂಲೆಯಲ್ಲಿ ತೆಗೆದದ್ದು. ಹುಣಸೆ ಬೀಜದ ಬಣ್ಣದ ಬುಡ, ಅದರ ಮೇಲೆ ಇದ್ದೂ ಇಲ್ಲದಂತೆ ಏನೋ ಗೀರುಗಳು. ಹಿಗ್ಗಿಸಿದರೆ ಎಲ್ಲವೂ ಕಲಸಿಹೋಗುತ್ತಿತ್ತು. ಕೂಡಲೇ ಫೋನು ಮಾಡಿದೆ.

"ಭಾವಾರ, ಏನೂ ಕಾಣವಲ್ದುರಿ ಇದರಾಗ."

"ಜಂಗು ಹಿಡದೈತಿ ಬೀಗರ, ಹೆಂಗ ಕಾಣ್ತೈತಿ?"

"ಹೆಂಗರ ಮಾಡ್ರಿ. ಅಕ್ಷರ ಸ್ಪಷ್ಟ ಕಾಣಬೇಕು. ಪೂರಾ ಸ್ಪಷ್ಟ. ಒಂದೊಂದು ಗೆರಿ ಕಾಣಬೇಕು. ನಾಳೆ ಮುಂಜಾನಿ ನಾನ ಬರ್ತೀನಿ."

ಇದೇ ನಾನು ಆಡಿದ ಮಾತು. ಡೈರಿ ಮೇಜಿನ ಮೇಲೆ ತೆರೆದೇ ಇತ್ತು. ಅಡಿಗೆರೆ ಎಳೆದ ಸಾಲು ಮೊಣಕೈ ಪಕ್ಕದಲ್ಲಿತ್ತು. ಅದನ್ನು ಅವರಿಗೆ ಓದಿ ಹೇಳಲು ಅರ್ಧ ನಿಮಿಷವೂ ಬೇಕಿರಲಿಲ್ಲ. ಕಚೇರಿಯಲ್ಲಿ ಹೊಸಬರಿಗೆ ನಾನು ಕಲಿಸುತ್ತಿದ್ದ ಮೊದಲ ಪಾಠವೇ ಅದು: ಹಳೆಯ ಕಾಗದದ ಕಲೆ ಒರೆಸಬೇಡಿ, ಕಲೆಯೂ ದಾಖಲೆಯೇ. ನನ್ನ ಬಾಯಿಂದ ಮಾತ್ರ "ಸ್ಪಷ್ಟ, ಸ್ಪಷ್ಟ" ಎಂಬುದೊಂದೇ ಬಂತು.

ಮರುದಿನ ಮಕ್ತಲಿನಲ್ಲಿ ಬಸ್ಸು ಬದಲಿಸಿ ಗದ್ವಾಲ ಸೇರಿದಾಗ ಹನ್ನೊಂದು ಗಂಟೆ. ಹೊಸ ಮನೆಯಲ್ಲಿ ಸುಣ್ಣ ಬಣ್ಣದ ವಾಸನೆ. ಪಡಸಾಲೆಯ ಗೋಡೆಗೆ ಗಾಜಿನ ಪೆಟ್ಟಿಗೆ ಆಗಲೇ ಕೂತಿತ್ತು. ಮೈದುನ ನಗುತ್ತಾ ಒಳಗಿಂದ ಕತ್ತಿ ತಂದರು. ಕೆಂಪು ಬಟ್ಟೆ ಬಿಚ್ಚಿದರು.

ಬುಡ ಬೆಳ್ಳಿಯಂತೆ ಹೊಳೆಯುತ್ತಿತ್ತು.

"ನಿನ್ನಿ ನಿಮ್ಮ ಫೋನ್ ಬಂದ ಮ್ಯಾಲ ಕೂತ್ನಿ ನೋಡ್ರಿ. ಮೊದಲು ಹುಣಸಿಹಣ್ಣು, ಆಮ್ಯಾಲ ನಿಂಬಿಹಣ್ಣು. ಹೋಗಲಿಲ್ಲ. ಕಡೀಕ ಉಸುಕಿನ ಕಾಗದ ತಗೊಂಡು ಎರಡು ತಾಸು ತಿಕ್ಕೀನಿ, ಕೈ ನೋಡ್ರಿ," ಎಂದು ಅಂಗೈ ತೋರಿಸಿದರು. ಬೆರಳ ಬುಡದಲ್ಲಿ ಗುಳ್ಳೆ ಎದ್ದಿದ್ದವು. "ಜರಿ ಅಸಲೋ ನಕಲೋ ತಿಕ್ಕಿದ್ರ ಗೊತ್ತಾಗ್ತೈತಿ. ಮ್ಯಾಲಿಂದು ಹೋದ್ರ ಒಳಗಿಂದು ಮಾತಾಡ್ತೈತಿ. ಈಗ ನೋಡ್ರಿ, ಒಂದೊಂದು ಗೆರಿ ಕಾಣ್ತೈತಿ. ಹೌದಿಲ್ಲೋ?"

ನಿಜ, ಒಂದೊಂದು ಗೆರೆಯೂ ಕಾಣುತ್ತಿತ್ತು. ಒಂದರ ಕೆಳಗೊಂದು ಐದು ಅಕ್ಷರಗಳು. ನಾನು ಹೊಸ ಕಲ್ಲಿನ ನೆಲದ ಮೇಲೆಯೇ ಕೂತೆ. ಮೈದುನ ನನಗೆ ಬಿಸಿಲು ಬಡಿದಿದೆಯೆಂದು ತಿಳಿದು ನೀರು ತರಿಸಿದರು. ನೀರು ಕುಡಿದೆ. ಫೋಟೋ ತೆಗೆದು ಪುಣೆಗೆ ಕಳಿಸಿದೆ, ನಿನ್ನೆಯ ಕತ್ತಲೆ ಫೋಟೋವನ್ನೂ ಜೊತೆಗೆ ಕಳಿಸಿದೆ.

ಹತ್ತು ನಿಮಿಷಕ್ಕೆ ಅವರೇ ಫೋನು ಮಾಡಿದರು.

"ಯಾರು ತಿಕ್ಕಿದ್ರು?"

"ತಿಕ್ಕಿದವರು ಬ್ಯಾರೆರಿ. ತಿಕ್ಕಿಸಿದಾಂವ ನಾನು," ಅಂದೆ.

ಮೈದುನ ಎದುರಿಗೇ ಇದ್ದರು. ಅವರ ಮುಖದ ನಗು ಅಲ್ಲೇ ನಿಂತುಹೋಯಿತು. ಫೋನಿನ ಸ್ಪೀಕರ್ ಹಾಕಿ ಕೆಳಗಿಟ್ಟೆ. ಪುಣೆಯವರು ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ನಿಧಾನವಾಗಿ ವಿವರಿಸಿದರು. ಮೊದಲ ಮೂರು ಅಕ್ಷರ ಒಂದು ಸೀಮೆಯ ಬಿರುದು, ಕೆಳಗಿನ ಎರಡು ಕಮ್ಮಾರನ ಹೆಸರು. ಮುನ್ನೂರು ವರ್ಷದ ಹಿಂದೆ ಅವನು ಬಹಳ ಹೆಸರಾದವನು. ಅದಕ್ಕೇ ಅವನ ಹೆಸರನ್ನು ಅವನ ನಾಡಿನವರೇ ಬೇರೆಯವರ ಕತ್ತಿಗಳ ಮೇಲೆ ಕೊರೆದು ಮಾರುತ್ತಿದ್ದರು.

"ಅಸಲಿ ಕಮ್ಮಾರ ಉಳಿ ಇಟ್ಟು ಹೊಡಕೋತ ಹೋಗಿರ್ತಾನ, ನೀವು ರುಜು ಹಾಕಿದ್ಹಂಗ. ನಿಮ್ಮ ಫೋಟೋದಾಗ ನಾಕನೇ ಅಕ್ಷರ ನೋಡ್ರಿ. ಬಲಗಡಿ ಇಳಿಯೋ ಗೆರಿ. ಎರಡು ಕಡಿ ಉಳಿ ನಿಂತು ಮತ್ತ ಶುರು ಆಗೈತಿ. ಆ ಕಮ್ಮಾರ ಆ ಗೆರಿ ಕೆಳಗಿಂದ ಮ್ಯಾಲ ಹೊಡೀತಿದ್ದ. ಇಲ್ಲಿ ಮ್ಯಾಲಿಂದ ಕೆಳಗ ಬಂದೈತಿ."

ನಾನು ಬುಡವನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಹೌದು. ನಿಂತಿತ್ತು. ಅಂಜುತ್ತ ಅಂಜುತ್ತ ಕೊರೆದ ಕೈ ಅದು. ಕಚೇರಿಯ ಮೇಜಿನ ಮೇಲೆ ಅಂಥ ಕೈಗಳನ್ನು ನಾನು ಎಷ್ಟು ನೋಡಿರಲಿಲ್ಲ!

"ಅಂದ್ರ ನಕಲಿ ಅಂತೀರಾ?" ಮೈದುನ ಕೇಳಿದರು.

"ಅಲಗು ಅಸಲಿ, ಒಳ್ಳೇದು. ಹೆಸರು ನಕಲಿ ಅಂತ ನನ್ನ ಮನಸು ಹೇಳ್ತೈತಿ. ಆದ್ರ ಅದನ್ನ ಯಾವಾಗ ಕೊರದಾರ, ಮುನ್ನೂರು ವರ್ಷದ ಹಿಂದೋ, ಯುದ್ಧದ ಹೊತ್ತಿಗೋ, ಅಕ್ಷರದ ಒಳಗಿನ ಜಂಗು ನೋಡಿ ಹೇಳಬಹುದಿತ್ತು. ಅಕ್ಷರದ ಅಂಚು ಸುದ್ದಾ ಸವದು ಹೋಗ್ಯಾವ ಈಗ. ಇನ್ನ ಯಾರೂ ಪಕ್ಕಾ ಹೇಳಾಕ ಬರಂಗಿಲ್ಲ. ನಾನೂ ಇಲ್ಲ, ಜಪಾನದವರೂ ಇಲ್ಲ."

ಫೋನು ಇಟ್ಟ ಮೇಲೆ ಮೈದುನ ಎದ್ದು ನಿಂತರು. "ನೀವ ಹೇಳಿದ್ರಲ್ರಿ, ಸ್ಪಷ್ಟ ಕಾಣಬೇಕು ಅಂತ! ಜಂಗು ಮುಟ್ಟಬಾರದು ಅಂತ ನಿಮಗ ಗೊತ್ತಿತ್ತೇನು?"

"ಗೊತ್ತಿತ್ತು."

"ಮತ್ತ ಯಾಕ ಹೇಳಲಿಲ್ಲ?"

"ತಡೀಲಿಕ್ಕೆ ಆಗಲಿಲ್ಲರಿ, ಭಾವಾರ. ಆ ಹೊತ್ತಿನ್ಯಾಗ ಹೊಳೀಲಿಲ್ಲ."

ಅವರು ಹೊಳೆಯುವ ಬುಡವನ್ನೂ ತಮ್ಮ ಅಂಗೈಯ ಗುಳ್ಳೆಗಳನ್ನೂ ನೋಡಿದರು. ಸಿಟ್ಟು ಬಂದಷ್ಟೇ ಬೇಗ ಇಳಿಯಿತು. "ಅತ್ತಿಗಿ ಕೈಯಾಗ ಕೊಟ್ಟು ಬರೂಣು ನಡೀರಿ," ಅಂದರು. "ಇದನ್ನ ಇಲ್ಲಿ ಇಟ್ಕೊಂಡ್ರ ನನಗ ನಿದ್ದಿ ಬರಂಗಿಲ್ಲ."

ಕಾರಿನಲ್ಲಿ ಇಬ್ಬರೇ. ಕತ್ತಿ ಹಿಂದಿನ ಸೀಟಿನಲ್ಲಿ. ಜೂರಾಲ ಅಣೆಕಟ್ಟಿನ ಮೇಲೆ ಹೋಗುವಾಗ ಕೃಷ್ಣೆ ಕೆಂಪಾಗಿ ಹರಿಯುತ್ತಿದ್ದಳು. ನಾನು ಕಿಟಕಿ ಇಳಿಸಿದೆ, ಏರಿಸಿದೆ, ಮತ್ತೆ ಇಳಿಸಿದೆ. "ಸುಮ್ಮ ಕೂಡ್ರಿ ಬೀಗರ, ನಿಮ್ಮನ್ನ ನೋಡಿ ನನಗ ಸ್ಟೇರಿಂಗ್ ಹಿಡಿಯಾಕ ಆಗವಲ್ದು," ಅಂದರು ಮೈದುನ. ಸ್ವಲ್ಪ ದೂರ ಹೋದ ಮೇಲೆ, ರಸ್ತೆಯಿಂದ ಕಣ್ಣು ತೆಗೆಯದೆ ಕೇಳಿದರು: "ಹೆಸರು ಸುಳ್ಳಂದ್ರ, ನಮ್ಮಪ್ಪಂದೂ ಸುಳ್ಳೇನು?"

"ಅದು ಬ್ಯಾರೆ, ಇದು ಬ್ಯಾರೆರಿ," ಅಂದೆ. ನನಗೇ ಅದರ ಮೇಲೆ ನಂಬಿಕೆ ಇರಲಿಲ್ಲ.

ಅಕ್ಕ ಬಾಗಿಲಲ್ಲಿಯೇ ಕೂತು ಶೇಂಗಾಕಾಯಿ ಸುಲಿಯುತ್ತಿದ್ದಳು. ನಮ್ಮಿಬ್ಬರ ಮುಖ ನೋಡಿ ಮೊರ ಪಕ್ಕಕ್ಕಿಟ್ಟಳು. ನಾನು ಕತ್ತಿಯನ್ನು ಅವಳ ಮುಂದಿಟ್ಟು ಆದದ್ದೆಲ್ಲ ಹೇಳಿದೆ. ನನ್ನ ತಪ್ಪನ್ನೇ ಮೊದಲು ಹೇಳಿದೆ. ಅವಳ ಗಮನ ಅತ್ತ ಇರಲಿಲ್ಲ. ಹೊಳೆಯುವ ಬುಡದ ಮೇಲಿನ ಅಕ್ಷರಗಳನ್ನು ಮುಟ್ಟದೆ, ಮೇಲಿನಿಂದಲೇ ಬೆರಳಿಂದ ಎಣಿಸುತ್ತಿದ್ದಳು.

"ಅಂವನ ಹೆಸರು ಏನಂತ?" ಅಂದಳು.

"ಮಾಡಿದಾಂವಂದು ಅಕ್ಕಾ. ಕಮ್ಮಾರನ ಹೆಸರು. ಅದೂ ಬಹುಶಃ ಖರೇ ಅಲ್ಲಂತ."

"ಇಟ್ಕೊಂಡಾಂವಂದು?"

"ಇಟ್ಕೊಂಡಾಂವಂದು ಇದರಾಗ ಇಲ್ಲ. ಕಮ್ಮಾರ ತನ್ನ ಹೆಸರು ಕೊರೀತಾನ ಅಷ್ಟ."

"ಇಲ್ಲೇನು?" ಅವಳು ನನ್ನ ಮುಖವನ್ನೇ ನೋಡಿದಳು. "ಎಲ್ಲೂ ಇಲ್ಲೇನು, ತಮ್ಮಾ? ಆ ಕಡಿ ಹೊಳ್ಳಿಸಿ ನೋಡಿದ್ಯಾ?"

ಹೊಳ್ಳಿಸಿ ತೋರಿಸಿದೆ. ಆ ಬದಿ ಬರಿದಾಗಿತ್ತು. ಅಕ್ಕನ ಕಣ್ಣು ತುಂಬಿದವು. ಅವಳು ಅತ್ತದ್ದನ್ನು ನಾನು ನೋಡಿದ್ದು ಕಡಿಮೆ. ಭಾವ ಹೋದಾಗಲೂ ಅವಳು ಒಳಗೆ ಹೋಗಿ ಅತ್ತವಳು.

ಆಮೇಲೆ ಅವಳು ಹೇಳಿದ್ದನ್ನು ಮೈದುನ ನಿಂತೇ ಕೇಳಿದರು.

ಮಾವ ಹಾಸಿಗೆ ಹಿಡಿದ ಕೊನೆಯ ತಿಂಗಳು, ಗಂಜಿ ಕುಡಿಸಲು ಹೋದಾಗ ಒಂದು ದಿನ ತಾವಾಗಿಯೇ ಮಾತಾಡಿದರಂತೆ. ಯುದ್ಧದಲ್ಲಿ ಅವರ ಕೆಲಸ ಹೇಸರಗತ್ತೆಗಳನ್ನು ನೋಡಿಕೊಳ್ಳುವುದು. ಯಾರನ್ನೂ ಕಡಿದಿರಲಿಲ್ಲ. ಜಪಾನಿನವರು ಸೋತ ಮೇಲೆ ಒಂದು ಬಯಲಿನಲ್ಲಿ ಅವರ ಅಧಿಕಾರಿಗಳನ್ನೆಲ್ಲ ಸಾಲಾಗಿ ನಿಲ್ಲಿಸಿದ್ದರು. ಒಬ್ಬೊಬ್ಬರೇ ಬಂದು ಕತ್ತಿ ನೆಲಕ್ಕಿಟ್ಟು ಹೋಗಬೇಕು. ಒಬ್ಬ ಮಾತ್ರ ಎರಡೂ ಕೈಯಲ್ಲಿ ಎತ್ತಿ ಹಣೆಗೆ ಒತ್ತಿಕೊಂಡು, ಮಗುವನ್ನು ಮಲಗಿಸಿದಂತೆ ಇಟ್ಟು ಹೋದ. ನಾಲ್ಕು ಹೆಜ್ಜೆ ಹೋಗಿ ಹೊರಳಿ ನೋಡಿದ. ಮತ್ತೆ ನಾಲ್ಕು ಹೆಜ್ಜೆ, ಮತ್ತೆ ಹೊರಳಿ ನೋಡಿದ. ಎರಡು ದಿನದ ಮೇಲೆ ಸಾಹೇಬರು ರಾಶಿಯಿಂದ ಒಂದೊಂದು ತಗೊಳ್ಳಿ ಎಂದಾಗ ಮಾವ ಅದನ್ನೇ ಹುಡುಕಿ ತೆಗೆದುಕೊಂಡರು.

"'ಅಂವ ಹೊಳ್ಳಿ ಹೊಳ್ಳಿ ನೋಡಿದ್ನಲ್ಲವ್ವ, ಬ್ಯಾರೆ ಯಾರ ಕೈಗರ ಸಿಕ್ರ ಹೆಂಗ ಅಂತ ನಾ ತಗೊಂಡ್ನಿ' ಅಂದ್ರು. 'ಅಂವ ಬಾಜೂಕ ನಿಂತಿದ್ದ. ಹೆಸರು ಕೇಳಬೇಕಿತ್ತು. ಕೇಳಲಿಲ್ಲ. ಇದರಾಗ ಬರದೈತಿ, ಓದೋರು ಯಾರೂ ಇಲ್ಲ' ಅಂದ್ರು," ಎಂದಳು ಅಕ್ಕ. "ಅವತ್ತಿಂದ ಮಹಾನವಮಿಗಿ ಕುಂಕುಮ ಹಚ್ಚುವಾಗ ನಾ ಅಂವನ ಸಲುವಾಗಿ ಕೈ ಮುಗೀತೀನಿ. ಹೆಸರು ಗೊತ್ತಿಲ್ಲ, ಏನಂತ ನೆನಸ್ಲಿ? ಒಂದು ಸಲ ಓದಿಸಿಬಿಟ್ರ ಆತು ಅಂತಿದ್ನಿ."

ಮೈದುನ ಗೋಡೆಗೆ ಕೈ ಕೊಟ್ಟು ಮೆಲ್ಲಗೆ ಕೂತರು. "ನನಗ್ಯಾಕ ಹೇಳಲಿಲ್ಲ ಅತ್ತಿಗಿ? ನಾ ಎಷ್ಟು ಮಂದಿ ಮುಂದ ಹೇಳೀನಿ, ನಮ್ಮಪ್ಪ ಕಡದ ಬಂದಾನ ಅಂತ."

"ನೀ ಅಷ್ಟು ಹುರುಪಿಲೆ ಹೇಳುವಾಗ ನಾ ಹೆಂಗ ಹೇಳ್ಲೋ? ಅವರ ಬಾಯಾಗ ಆ ಮಾತು ಯಾವತ್ತರ ಕೇಳಿ ಏನು? ಮಂದಿ ಅಂದ್ರು, ನೀನೂ ಅಂದಿ."

ಅವರು ತಲೆ ಅಲ್ಲಾಡಿಸಿದರು. ಕೇಳಿರಲಿಲ್ಲ. ನಾನು ಎದ್ದು ಅಂಗಳಕ್ಕೆ ಹೋದೆ, ಒಳಗೆ ಬಂದೆ. ಏನು ಮಾಡಲೂ ತಿಳಿಯದೆ ಅಕ್ಕ ಬಿಟ್ಟ ಶೇಂಗಾಕಾಯಿ ಸುಲಿಯತೊಡಗಿದೆ. ಅಕ್ಕ ನನ್ನ ಕೈಯಿಂದ ಮೊರ ಕಸಿದುಕೊಂಡಳು. "ಸಣ್ಣಾಂವಿದ್ದಾಗಿಂದ ಹಿಂಗ ನೀ. ಕಾಯಿ ಬಲಿಯಾಕ ಬಿಡಂಗಿಲ್ಲ," ಅಂದಳು. ಕ್ಷಮಿಸಿದ್ದಾಳೆಂದು ಅದರ ಅರ್ಥವಲ್ಲ. ಆ ತಿಂಗಳು ಪೂರ್ತಿ ಅವಳು ನನಗೆ ತಾನಾಗಿ ಫೋನು ಮಾಡಲಿಲ್ಲ.

ಪುಣೆಯವರಿಗೆ ನಾನು ಈ ಕಥೆಯನ್ನೆಲ್ಲ ಹೇಳಿದೆ. ಶರಣಾದ ಅಧಿಕಾರಿಗಳ ಹೆಸರು ಎಲ್ಲಾದರೂ ಇರಬಹುದೇ ಎಂದು ಕೇಳಿದೆ. ಕೆಲವರು ಕತ್ತಿಗೆ ಹೆಸರು ಬರೆದ ಮರದ ಚೀಟಿ ಕಟ್ಟಿ ಕೊಟ್ಟದ್ದುಂಟು, ನಿಮ್ಮದಕ್ಕೆ ಇದ್ದಿದ್ದರೆ ಎಂದೋ ಕಳಚಿ ಬಿದ್ದಿರಬೇಕು ಅಂದರು. ಸುಳ್ಳು ಹೆಸರಿನ ವಿಚಾರಕ್ಕೆ ಬಂದಾಗ ಅವರು ಹೇಳಿದ ಒಂದು ಮಾತು ನನ್ನನ್ನು ಬಹಳ ದಿನ ಕಾಡಿತು. ಆ ಅಧಿಕಾರಿಗೂ ಅದು ಸುಳ್ಳೆಂದು ಗೊತ್ತಿದ್ದಿರಲಾರದು, ಅವನ ಅಜ್ಜನೋ ಮುತ್ತಜ್ಜನೋ ಅಸಲಿಯೆಂದೇ ನಂಬಿ ಕೊಟ್ಟಿರುತ್ತಾನೆ ಎಂದರು.

ಗೃಹಪ್ರವೇಶಕ್ಕೆ ನಾವೆಲ್ಲ ಗದ್ವಾಲಕ್ಕೆ ಹೋದೆವು. ಗಾಜಿನ ಪೆಟ್ಟಿಗೆಯಲ್ಲಿ ಮಾವನ ಒಂದು ಹಳೆಯ ಫೋಟೋ ಇತ್ತು, ಬೇರೇನೂ ಇಲ್ಲ. ಊಟದ ಪಂಕ್ತಿಯಲ್ಲಿ ಒಬ್ಬರು ಗಟ್ಟಿಯಾಗಿ ಕೇಳಿಯೇಬಿಟ್ಟರು: "ಕತ್ತಿ ಎಲ್ಲೈತ್ರಿ ಸೇಠ್? ಅದೇ ಬಜಾರದ್ದು?" ಮೈದುನ ಹೋಳಿಗೆಯ ಬುಟ್ಟಿ ಹಿಡಿದು ನಿಂತಿದ್ದರು. ನಾನು ಎಲೆಯ ಮೇಲೆ ಕೈ ಬಿಟ್ಟು ಕೂತೆ.

"ಅಸಲಿ ಕತ್ತಿರಿ ಅದು, ಪಕ್ಕಾ ಮಾಡಿಸೀನಿ," ಅಂದರು. "ಮಕ್ತಲದಾಗ ಅತ್ತಿಗಿ ಹಂತ್ಯಾಕ ಐತಿ. ಮತ್ತ ಕೇಳ್ರಿ, ನಮ್ಮಪ್ಪ ಯಾರನ್ನೂ ಕಡದಿಲ್ಲ. ಕತ್ತಿ ಮಾಲಕ ಹೊಳ್ಳಿ ನೋಡಿದ್ನಂತ, ಅದಕ್ಕ ಜೋಪಾನ ಮಾಡ್ಯಾನ." ಹಾಗೆಂದು ಕೇಳಿದವರ ಎಲೆಗೆ ಎರಡು ಹೋಳಿಗೆ ಹಾಕಿ ಮುಂದೆ ಹೋದರು. ಪಂಕ್ತಿಯ ಕೊನೆಯಲ್ಲಿದ್ದ ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅವರನ್ನೇ ನೋಡುತ್ತಿದ್ದಳು.

ಇಷ್ಟು ಹಳೆಯ ವಸ್ತುವನ್ನು ಸರಕಾರದಲ್ಲಿ ನೋಂದಾಯಿಸಬೇಕೆಂದು ಪುಣೆಯವರು ಹೇಳಿದ್ದರು. ಅರ್ಜಿ ತುಂಬುವ ಕೆಲಸ ನನ್ನ ಪಾಲಿಗೆ ಬಂತು. ಜೀವಮಾನವಿಡೀ ಬೇರೆಯವರ ಅರ್ಜಿಗಳಲ್ಲಿ ತಪ್ಪು ಹುಡುಕಿದವನು ನಾನು. ಉದ್ದ, ಲೋಹ, ಎಲ್ಲಿಂದ ಬಂತು, ಯಾರ ಸ್ವಾಧೀನದಲ್ಲಿದೆ, ಎಲ್ಲ ತುಂಬಿದೆ. ಮಾಡಿದವರ ಹೆಸರು ಎಂಬಲ್ಲಿ ಪೆನ್ನು ನಿಂತಿತು. ಎದ್ದು ಬಸ್ ಸ್ಟ್ಯಾಂಡಿಗೆ ಹೋಗಿ ಬಂದೆ. ಮತ್ತೆ ಕೂತೆ. ಕೊನೆಗೆ ಆ ಐದು ಅಕ್ಷರಗಳನ್ನು ಫೋಟೋ ನೋಡಿ ನೋಡಿ ನಾನೇ ಬಿಡಿಸಿದೆ. ಪಕ್ಕದಲ್ಲಿ, "ಹೀಗೆಂದು ಕೊರೆಯಲಾಗಿದೆ. ಅಸಲಿ ಎಂಬುದು ಖಚಿತವಿಲ್ಲ. ಬುಡದ ತುಕ್ಕು ಅರ್ಜಿದಾರಳ ತಮ್ಮನ ಅವಸರದಿಂದ ಹೋಗಿದೆ" ಎಂದು ಬರೆದೆ.

ಅಕ್ಕನ ಸಹಿಗಾಗಿ ಅರ್ಜಿ ತೆಗೆದುಕೊಂಡು ಮಕ್ತಲಿಗೆ ಹೋದೆ. ಅವಳು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದಳು. ಕಡೆಯ ಸಾಲಿನ ಮೇಲೆ ಬೆರಳಿಟ್ಟು, "ಇದು ಬೇಕೇನು?" ಅಂದಳು.

"ಇರಲಿ ಅಕ್ಕಾ. ಮುಂದ ಯಾರರ ನೋಡಿದ್ರ, ಜಂಗು ಯಾಕಿಲ್ಲ ಅಂತ ಗೊತ್ತಾಗಬೇಕಲ್ಲ."

ಅವಳು ಪೆನ್ನು ತೆಗೆದುಕೊಂಡು ಸಹಿ ಹಾಕಿದಳು. ನಾಲ್ಕನೆಯ ತರಗತಿಯವರೆಗೆ ಓದಿದವಳು, ಒಂದೊಂದು ಅಕ್ಷರಕ್ಕೂ ನಿಲ್ಲಿಸಿ ನಿಲ್ಲಿಸಿ ಬರೆದಳು. ನಾನು ಪಕ್ಕದಲ್ಲಿ ಕೂತು, ಅವಳು ಮುಗಿಸುವವರೆಗೂ ಕಾದೆ.